ಬೇಲಿಯಂಚಿನ ಕಪ್ಪು ರಾಸ್ಪ್‌ಬೆರಿ: ಗುರುತು, ಸವರುವಿಕೆ, ಬೆಳೆಸುವ ಬಗೆ

ಪ್ರಶ್ನೆ: ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ಸಮೀಪ ನಾವು ಮನೆ ಕೊಂಡ ಮೊದಲ ಬೇಸಿಗೆಯಲ್ಲಿ ಹಿತ್ತಿಲ ಬೇಲಿಯುದ್ದಕ್ಕೂ ಇದ್ದ ಮುಳ್ಳಿನ ಪೊದೆಗಳಲ್ಲಿ ಜೂನ್ ಕೊನೆಯ ಹೊತ್ತಿಗೆ ಸಣ್ಣ ಕಪ್ಪು ಹಣ್ಣುಗಳು ಬಂದಿದ್ದವು. ಮೊದಲು ಕೆಂಪಗಿದ್ದವು, ಆಮೇಲೆ ಕಪ್ಪಾದವು, ಕಿತ್ತಾಗ ಒಳಗೆ ಟೊಳ್ಳಾಗಿದ್ದವು. ಪಕ್ಕದ ಮನೆಯವರು ಬ್ಲ್ಯಾಕ್‌ಬೆರಿ ಎಂದರು. ಹಿತ್ತಿಲನ್ನು ಚೊಕ್ಕಟ ಮಾಡಲೆಂದು ಆ ಅಕ್ಟೋಬರಿನಲ್ಲಿ ಎಲ್ಲವನ್ನೂ ಬುಡಮಟ್ಟ ಕತ್ತರಿಸಿದೆವು. ಈ ಬೇಸಿಗೆಯಲ್ಲಿ ಗಿಡಗಳು ಆಳೆತ್ತರ ಬೆಳೆದು ಬಾಗಿವೆ, ಆದರೆ ಒಂದು ಹೂವೂ ಬಿಡಲಿಲ್ಲ. ಇದು ಯಾವ ಗಿಡ? ಹಣ್ಣು ಮತ್ತೆ ಬರುತ್ತದೆಯೇ? ತರಕಾರಿ ಮಡಿಯ ಪಕ್ಕದಲ್ಲಿ ಒಳ್ಳೆಯ ತಳಿಯ ನಾಲ್ಕಾರು ಗಿಡಗಳನ್ನೂ ನೆಡುವ ಆಸೆಯಿದೆ. ಮುಂದಿನ ಸಲ ಊರಿಗೆ ಬರುವಾಗ ಶಿವಮೊಗ್ಗದ ಮನೆಗೆ ಒಂದೆರಡು ಸಸಿ ತರಬಹುದೇ?

ಉತ್ತರ: ನಿಮ್ಮ ಬೇಲಿಯಲ್ಲಿರುವುದು ಬ್ಲ್ಯಾಕ್‌ಬೆರಿಯಲ್ಲ, ಕಪ್ಪು ರಾಸ್ಪ್‌ಬೆರಿ. ಈ ವರ್ಷ ಹಣ್ಣು ಬಾರದಿರುವುದಕ್ಕೆ ರೋಗವಾಗಲಿ ಗೊಬ್ಬರದ ಕೊರತೆಯಾಗಲಿ ಕಾರಣವಲ್ಲ. ಹಣ್ಣು ಬಿಡಬೇಕಿದ್ದ ಕಾಂಡಗಳೇ ಅಕ್ಟೋಬರಿನಲ್ಲಿ ಕತ್ತರಿಗೆ ಹೋದವು. ಬುಡ ಜೀವಂತವಾಗಿದೆ. ಈಗ ಎದ್ದಿರುವ ಕಾಂಡಗಳನ್ನು ಉಳಿಸಿಕೊಂಡರೆ ಬರುವ ಜೂನ್‌ನಲ್ಲಿ ಹಣ್ಣು ಸಿಗುತ್ತದೆ. ಈ ಗಿಡದ ವಿಷಯದಲ್ಲಿ ಹೊಸಬರು ಹಣ್ಣಿನ ಬಣ್ಣವನ್ನೇ ನೋಡುತ್ತಾರೆ, ಆದರೆ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಕಾಂಡದಲ್ಲಿದೆ: ಅದು ಯಾವ ಗಿಡ, ಎಷ್ಟನೆಯ ವರ್ಷದ ಕಾಂಡ, ಯಾವಾಗ ಕತ್ತರಿಸಬೇಕು ಎಂಬುದೆಲ್ಲವನ್ನೂ ಕಾಂಡ ನೋಡಿಯೇ ತೀರ್ಮಾನಿಸಬಹುದು.

ಆದರೂ ಹಣ್ಣಿನಿಂದಲೇ ಆರಂಭಿಸೋಣ, ಏಕೆಂದರೆ ನೀವು ಬರೆದಿರುವ ಒಂದು ಸಂಗತಿ ನಿರ್ಣಾಯಕವಾದದ್ದು. ರಾಸ್ಪ್‌ಬೆರಿ ಗುಂಪಿನ ಹಣ್ಣುಗಳನ್ನು ಕಿತ್ತಾಗ ನಡುವಿನ ಬಿಳಿಯ ದಿಂಡು ಗಿಡದಲ್ಲೇ ಉಳಿಯುತ್ತದೆ, ಕೈಗೆ ಬರುವುದು ಟೊಳ್ಳಾದ ಟೋಪಿಯಂಥ ಭಾಗ ಮಾತ್ರ. ಬ್ಲ್ಯಾಕ್‌ಬೆರಿಯಲ್ಲಿ ಆ ದಿಂಡು ಹಣ್ಣಿನೊಡನೆಯೇ ಕಳಚಿ ಬರುತ್ತದೆ, ಅದನ್ನು ಸೇರಿಸಿಯೇ ತಿನ್ನುತ್ತೇವೆ. ಬಣ್ಣ ಎರಡರಲ್ಲೂ ಒಂದೇ ಆಗಿರಬಹುದು, ಎರಡೂ ಕಾಯಿಯಿಂದ ಕೆಂಪಿಗೆ, ಕೆಂಪಿನಿಂದ ಕಪ್ಪಿಗೆ ತಿರುಗುತ್ತವೆ, ಹಾಗಾಗಿ ಬಣ್ಣವನ್ನು ನಂಬಿದವರು ಎಡವುತ್ತಾರೆ. ಕಪ್ಪು ರಾಸ್ಪ್‌ಬೆರಿ ಕೆಂಪಗಿರುವಾಗ ಅದನ್ನು ಕೆಂಪು ರಾಸ್ಪ್‌ಬೆರಿಯೆಂದು ತಿಳಿದು ಕಿತ್ತು, ಹುಳಿಯೆಂದು ಉಗುಳಿ, ಗಿಡವೇ ಕೆಟ್ಟದ್ದೆಂದು ಬಿಡುವವರೂ ಇದ್ದಾರೆ. ಹಣ್ಣು ಪೂರ್ಣ ಕಪ್ಪಾಗಿ, ಬೆರಳು ತಾಗಿಸಿದರೆ ಸುಲಭವಾಗಿ ಕಳಚಿಕೊಳ್ಳುವಾಗಲೇ ಅದು ಮಾಗಿದೆಯೆಂದು ತಿಳಿಯಬೇಕು. ಓಹಾಯೊದಲ್ಲಿ ಇದರ ಕಾಲ ಜೂನ್ ನಡುವಿನಿಂದ ಜುಲೈ ಮೊದಲ ವಾರಗಳವರೆಗೆ. ಬ್ಲ್ಯಾಕ್‌ಬೆರಿ ಅದರ ನಂತರ ಬರುತ್ತದೆ.

ಹಣ್ಣಿಲ್ಲದ ಹತ್ತು ಹನ್ನೊಂದು ತಿಂಗಳು ಕಾಂಡವೇ ಗುರುತು. ಕಪ್ಪು ರಾಸ್ಪ್‌ಬೆರಿಯ ಕಾಂಡ ಗುಂಡಗಿರುತ್ತದೆ, ನೇರಳೆಗೆಂಪಾಗಿರುತ್ತದೆ, ಮತ್ತು ಅದರ ಮೇಲೆ ಕಪ್ಪು ದ್ರಾಕ್ಷಿಯ ಸಿಪ್ಪೆಯ ಮೇಲಿರುವಂಥದೇ ನಸುಬಿಳಿಯ ಮೇಣದ ಪದರವಿರುತ್ತದೆ. ಬೆರಳಿನಿಂದ ಉಜ್ಜಿದರೆ ಅದು ಅಳಿಸಿಹೋಗಿ ಕೆಳಗಿನ ಬಣ್ಣ ಹೊಳೆಯುತ್ತದೆ. ಬ್ಲ್ಯಾಕ್‌ಬೆರಿಯ ಕಾಂಡದಲ್ಲಿ ಈ ಪದರವಿಲ್ಲ, ಅದು ಸಾಮಾನ್ಯವಾಗಿ ಏಣುಗಳಿಂದ ಕೂಡಿ ಬೆರಳಿಗೆ ಮೂಲೆಗಳು ತಾಗುತ್ತವೆ. ಎಲೆಯನ್ನು ಮಗುಚಿ ನೋಡಿದರೆ ಕಪ್ಪು ರಾಸ್ಪ್‌ಬೆರಿಯ ಕೆಳಮೈ ಬೆಳ್ಳಗೆ ಕಾಣುತ್ತದೆ, ಬ್ಲ್ಯಾಕ್‌ಬೆರಿಯದು ಹಸುರಾಗಿಯೇ ಇರುತ್ತದೆ. ಕೆಂಪು ರಾಸ್ಪ್‌ಬೆರಿಯ ಎಲೆಯ ಕೆಳಮೈಯೂ ಬೆಳ್ಳಗಿರುವುದರಿಂದ ಆ ಎರಡನ್ನು ಬೇರ್ಪಡಿಸಲು ಮುಳ್ಳು ಮತ್ತು ಬೆಳೆಯುವ ರೀತಿಯನ್ನು ನೋಡಬೇಕು: ಕೆಂಪು ರಾಸ್ಪ್‌ಬೆರಿ ನೆಟ್ಟಗೆ ನಿಂತು ಬಿರುಸಾದ ಸಣ್ಣ ಮುಳ್ಳುಗಳಿಂದ ತುಂಬಿರುತ್ತದೆ ಮತ್ತು ಬೇರಿನಿಂದ ಮರಿಗಳನ್ನೆಬ್ಬಿಸುತ್ತಾ ದೂರದವರೆಗೆ ಹರಡುತ್ತದೆ, ಕಪ್ಪು ರಾಸ್ಪ್‌ಬೆರಿ ಒಂದೇ ಬುಡದಿಂದ ಗುಂಪಾಗಿ ಎದ್ದು ಬಿಲ್ಲಿನ ಹಾಗೆ ಬಾಗುತ್ತದೆ, ಮುಳ್ಳುಗಳು ವಿರಳ, ಗಟ್ಟಿ ಮತ್ತು ಕೊಕ್ಕೆಯಾಕಾರದವು. ಮೇ ಕೊನೆಯಲ್ಲಿ ಬಿಡುವ ಬಿಳಿಯ ಹೂವುಗಳ ದಳಗಳು ತೀರಾ ಸಣ್ಣವು, ದಳಗಳ ಹೊರಗಿರುವ ಹಸುರು ಪುಷ್ಪಪತ್ರಗಳು ಅವುಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಉದ್ದ. ಬ್ಲ್ಯಾಕ್‌ಬೆರಿಯ ಹೂವು ದೂರದಿಂದಲೇ ಕಾಣುವಷ್ಟು ದೊಡ್ಡದು.

ನಿಮ್ಮ ಪ್ರದೇಶದ ಬೇಲಿಗಳಲ್ಲಿ ಇದರ ಜೊತೆಗೇ ಸಿಗುವ ಇನ್ನು ಕೆಲವು ಗಿಡಗಳ ಪರಿಚಯ ಇರಬೇಕು. ಕಾಂಡದ ತುಂಬ ಕೆಂಪು ರೋಮಗಳಿದ್ದು, ಹಣ್ಣು ಮಾಗಿದ ಮೇಲೂ ಹೊಳೆಯುವ ಕೆಂಪಾಗಿಯೇ ಉಳಿದರೆ ಅದು ವೈನ್‌ಬೆರಿ. 1890ರಲ್ಲಿ ತಳಿ ಅಭಿವೃದ್ಧಿಗಾಗಿ ಪೂರ್ವ ಏಷ್ಯಾದಿಂದ ತಂದದ್ದು ಈಗ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಕಳೆಯಾಗಿದೆ. ಹಣ್ಣು ತಿನ್ನಲು ಯೋಗ್ಯವಾದರೂ ಗಿಡವನ್ನು ಉಳಿಸಿಕೊಳ್ಳಬಾರದು. ಏಳು ಒಂಬತ್ತು ಕಿರುಎಲೆಗಳು, ಎಲೆಯ ತೊಟ್ಟಿನ ಬುಡದಲ್ಲಿ ಕುಚ್ಚಿನಂಥ ಅಂಚು ಇದ್ದರೆ ಅದು ಮಲ್ಟಿಫ್ಲೋರಾ ಗುಲಾಬಿ, ಅದೂ ಕಳೆಯೇ. ಮುಳ್ಳಿಲ್ಲದ ಮರದಲ್ಲಿ ನೀಳವಾದ ಕಪ್ಪು ಹಣ್ಣು ಅದೇ ಜೂನ್‌ನಲ್ಲಿ ಕಂಡರೆ ಅದು ನಮಗೆಲ್ಲ ಗೊತ್ತಿರುವ ಹಿಪ್ಪುನೇರಳೆ. ಮುಳ್ಳಿಲ್ಲದ ದಪ್ಪ ಕೆಂಪು ಕಾಂಡದಲ್ಲಿ ನುಣುಪಾದ ಕಪ್ಪು ಹಣ್ಣುಗಳು ಗೊನೆಯಾಗಿ ತೂಗುತ್ತಿದ್ದರೆ ಅದು ಪೋಕ್‌ವೀಡ್, ವಿಷಕಾರಿ. ಮಕ್ಕಳಿರುವ ಮನೆಯಾದರೆ ಬೇರುಸಹಿತ ತೆಗೆಯಿರಿ. ಇವೆಲ್ಲಕ್ಕಿಂತ ನಿಮ್ಮನ್ನು ಹೆಚ್ಚು ಕಾಡಬಹುದಾದದ್ದು ಪಾಯ್ಸನ್ ಐವಿ. ಅದರ ಎಲೆಯೂ ಮೂರು ಕಿರುಎಲೆಗಳದೇ, ಬೆಳೆಯುವುದೂ ಇದೇ ನೆರಳು ಬಿಸಿಲಿನ ಅಂಚಿನಲ್ಲೇ, ಹಲವು ಸಲ ಇದೇ ಪೊದೆಯೊಳಗೇ. ಅದಕ್ಕೆ ಮುಳ್ಳಿಲ್ಲ, ಎಲೆಯ ಕೆಳಮೈ ಬೆಳ್ಳಗಿರುವುದಿಲ್ಲ. ಭಾರತದಿಂದ ಬಂದವರಿಗೆ ಈ ಬಳ್ಳಿಯ ಅನುಭವವಿರುವುದಿಲ್ಲ, ಮೈಗೆ ತಾಗಿದರೆ ಹೆಚ್ಚಿನವರಿಗೆ ವಾರಗಟ್ಟಲೆ ತುರಿಕೆ ಮತ್ತು ಬೊಕ್ಕೆಗಳು ಬರುತ್ತವೆ. ಬೇಲಿಯ ಪೊದೆಗೆ ಕೈಹಾಕುವಾಗ ಉದ್ದ ತೋಳಿನ ಅಂಗಿ ಮತ್ತು ಕೈಗವಸು ಇರಲಿ, ಮತ್ತು ಕತ್ತರಿಸಿದ ಐವಿಯನ್ನು ಎಂದಿಗೂ ಸುಡಬೇಡಿ. ಅದರ ಹೊಗೆ ಶ್ವಾಸಕೋಶಕ್ಕೆ ಅಪಾಯಕಾರಿ.

ಈಗ ಹಣ್ಣು ಬಾರದ ವಿಷಯ. ಕಪ್ಪು ರಾಸ್ಪ್‌ಬೆರಿಯ ಬೇರು ಮತ್ತು ಬುಡ ಹಲವು ವರ್ಷ ಬಾಳುತ್ತವೆ, ಆದರೆ ಒಂದೊಂದು ಕಾಂಡದ ಆಯುಷ್ಯ ಎರಡೇ ಬೇಸಿಗೆ. ಮೊದಲ ಬೇಸಿಗೆಯಲ್ಲಿ ನೆಲದಿಂದ ಎದ್ದ ಕಾಂಡ ಬರೀ ಬೆಳೆಯುತ್ತದೆ, ಎಲೆ ಬಿಡುತ್ತದೆ, ಶರತ್ಕಾಲದಲ್ಲಿ ಮೊಗ್ಗುಗಳನ್ನು ಒಳಗೊಳಗೇ ಸಿದ್ಧಮಾಡಿಕೊಂಡು ಚಳಿಗಾಲವನ್ನು ಕಳೆಯುತ್ತದೆ. ಎರಡನೆಯ ಬೇಸಿಗೆಯಲ್ಲಿ ಅದೇ ಕಾಂಡದ ಪಕ್ಕದ ಕವಲುಗಳಲ್ಲಿ ಹೂ ಬಿಟ್ಟು, ಹಣ್ಣು ಕೊಟ್ಟು, ಬಳಿಕ ಒಣಗಿ ಸಾಯುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಮುಂದಿನ ವರ್ಷದ ಹೊಸ ಕಾಂಡ ಎದ್ದಿರುತ್ತದೆ. ಅಕ್ಟೋಬರಿನಲ್ಲಿ ಪೊದೆಯನ್ನು ಬುಡಮಟ್ಟ ಕತ್ತರಿಸಿದರೆ ಮುಗಿದುಹೋದ ಕಾಂಡದ ಜೊತೆಗೆ ಹಣ್ಣು ಬಿಡಬೇಕಾದ ಕಾಂಡವೂ ಹೋಗುತ್ತದೆ. ಪ್ರತಿ ವರ್ಷ ಹೀಗೇ ಮಾಡಿದರೆ ಗಿಡ ಸೊಂಪಾಗಿ ಬೆಳೆಯುತ್ತಲೇ ಇರುತ್ತದೆ, ಹಣ್ಣು ಎಂದಿಗೂ ಕಾಣಿಸುವುದಿಲ್ಲ. ಕಾಂಡ ಹುಟ್ಟಿದ ವರ್ಷವೇ ಶರತ್ಕಾಲದಲ್ಲಿ ಅದರಲ್ಲಿ ಹಣ್ಣು ಬಿಡುವ ಕೆಂಪು ರಾಸ್ಪ್‌ಬೆರಿ ತಳಿಗಳಿವೆ, ಅವುಗಳನ್ನು ಚಳಿಗಾಲದಲ್ಲಿ ಪೂರ್ತಿ ಕತ್ತರಿಸಬಹುದು. ಆ ಸಲಹೆಯನ್ನು ಎಲ್ಲೋ ಓದಿ ಕಪ್ಪು ರಾಸ್ಪ್‌ಬೆರಿಗೂ ಅನ್ವಯಿಸುವವರು ಬಹಳ ಮಂದಿ. ಕಪ್ಪಿನಲ್ಲಿ ಅಂಥ ಗುಣವುಳ್ಳ ತಳಿ ನೈವಾಟ್‌ನಂಥ ಒಂದೆರಡು ಮಾತ್ರ, ನಿಮ್ಮ ಬೇಲಿಯ ಕಾಡುಗಿಡಕ್ಕೆ ಆ ಗುಣವಿಲ್ಲ.

ಎರಡು ವಯಸ್ಸಿನ ಕಾಂಡಗಳನ್ನು ಪ್ರತ್ಯೇಕಿಸುವುದು ಕಷ್ಟವಲ್ಲ. ಹೊಸದು ಎಳಸಾಗಿ, ಹಸುರು ಅಥವಾ ನೇರಳೆಯಾಗಿ, ಮೇಣದ ಪದರ ಹೊತ್ತು ನಿಂತಿರುತ್ತದೆ. ಹಣ್ಣು ಕೊಟ್ಟದ್ದು ಬೂದುಕಂದಾಗಿ, ತೊಗಟೆ ಬಿರಿದು, ಹಣ್ಣಿನ ಒಣ ತೊಟ್ಟುಗಳನ್ನು ಹಿಡಿದುಕೊಂಡಿರುತ್ತದೆ. ಕೊಯ್ಲು ಮುಗಿದ ಕೂಡಲೇ, ಅಂದರೆ ಜುಲೈನಲ್ಲೇ, ಈ ಹಳೆಯವನ್ನು ನೆಲಮಟ್ಟಕ್ಕೆ ತೆಗೆದು ಹಿತ್ತಿಲಿನಿಂದ ಹೊರಗೆ ಸಾಗಿಸುವುದು ಒಳ್ಳೆಯದು, ಏಕೆಂದರೆ ಕಾಂಡದ ರೋಗಗಳು ಹೊಸದಕ್ಕೆ ದಾಟುವುದು ಅವುಗಳಿಂದಲೇ.

ನಿಮ್ಮ ಮುಂದಿನ ಕೆಲಸ ಈ ಕ್ರಮದಲ್ಲಿರಲಿ. ಈ ಶರತ್ಕಾಲದಲ್ಲಿ ಕತ್ತರಿಯನ್ನು ಒಳಗಿಡಿ. ಮಾರ್ಚ್‌ನಲ್ಲಿ, ಮೊಗ್ಗು ಒಡೆಯುವ ಮುನ್ನ, ಪ್ರತಿ ಬುಡದಲ್ಲೂ ದಪ್ಪನೆಯ ಐದಾರು ಕಾಂಡಗಳನ್ನು ಉಳಿಸಿ ಸಣಕಲಾದವನ್ನೂ ಚಳಿಗೆ ಒಣಗಿದವನ್ನೂ ತೆಗೆಯಿರಿ. ಉಳಿಸಿದ್ದರಲ್ಲಿ ಪಕ್ಕದ ಕವಲುಗಳಿದ್ದರೆ ಅವನ್ನು 8ರಿಂದ 12 ಅಂಗುಲಕ್ಕೆ ಮೊಟಕುಗೊಳಿಸಿ. ಕವಲುಗಳು ಸಣ್ಣವಾದಷ್ಟೂ ಹಣ್ಣು ಕಡಿಮೆ ಬರುತ್ತದೆಯೆಂಬ ಭಯ ಸಹಜ, ಆದರೆ ಉದ್ದ ಕವಲಿನ ತುದಿಯ ಹಣ್ಣುಗಳು ಗುಳಿಗೆಯಷ್ಟೇ ಆಗಿ ಒಣಗುತ್ತವೆ, ಮೊಟಕುಗೊಳಿಸಿದ ಕವಲಿನಲ್ಲಿ ಎಣಿಕೆ ಕಡಿಮೆಯಾದರೂ ಗಾತ್ರ ಮತ್ತು ರಸ ಹೆಚ್ಚು. ಈ ಬೇಸಿಗೆಯಲ್ಲಿ ನೀವು ಕುಡಿ ಚಿವುಟಿಲ್ಲವಾದ್ದರಿಂದ ಕವಲುಗಳು ಹೆಚ್ಚಿರಲಾರವು. ಅಂಥ ನೀಳ ಕಾಂಡಗಳನ್ನು ನಾಲ್ಕೈದು ಅಡಿಗೆ ಕತ್ತರಿಸಿ ಬೇಲಿಗೋ ತಂತಿಗೋ ಸಡಿಲವಾಗಿ ಕಟ್ಟಿದರೆ ಸಾಕು.

ಕುಡಿ ಚಿವುಟುವುದೇ ಕಪ್ಪು ರಾಸ್ಪ್‌ಬೆರಿಯ ಆರೈಕೆಯಲ್ಲಿ ಅತ್ಯಂತ ಮುಖ್ಯವಾದ ಕೆಲಸವೆಂದು ನನ್ನ ಅಭಿಪ್ರಾಯ, ಮತ್ತು ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. ಬರುವ ಮೇ ಕೊನೆಯಿಂದ ಹೊಸ ಕಾಂಡಗಳು ಏಳುವಾಗ ಅವು ಎರಡರಿಂದ ಎರಡೂವರೆ ಅಡಿ ತಲುಪಿದ ಕೂಡಲೇ ತುದಿಯ ಮೂರು ನಾಲ್ಕು ಅಂಗುಲವನ್ನು ಬೆರಳಿನಿಂದಲೇ ಮುರಿದು ಹಾಕಬೇಕು. ತಂತಿಯ ಆಸರೆಯಿದ್ದರೆ ಮೂರು ಅಡಿಯವರೆಗೆ ಬಿಡಬಹುದು. ತುದಿ ಹೋದ ಕಾಂಡ ಮೇಲೇರುವುದನ್ನು ಬಿಟ್ಟು ದಪ್ಪವಾಗಿ ಪಕ್ಕಕ್ಕೆ ಕವಲೊಡೆಯುತ್ತದೆ, ಮರುವರ್ಷದ ಹಣ್ಣೆಲ್ಲ ಬರುವುದು ಆ ಕವಲುಗಳಲ್ಲೇ. ಎಲ್ಲ ಕಾಂಡಗಳೂ ಒಂದೇ ದಿನ ಆ ಎತ್ತರಕ್ಕೆ ಬರುವುದಿಲ್ಲ, ಆದ್ದರಿಂದ ಜೂನ್ ಮತ್ತು ಜುಲೈ ಆರಂಭದಲ್ಲಿ ವಾರಕ್ಕೊಮ್ಮೆ ಸಾಲಿನಲ್ಲಿ ನಡೆದು ನೋಡಬೇಕು. ತಡಮಾಡಿ, ಕಾಂಡ ಐದಡಿಯಾದ ಮೇಲೆ ಕತ್ತರಿಯಿಂದ ಎರಡಡಿ ಕತ್ತರಿಸಿದರೆ ಬಲಿತ ಜಾಗದಲ್ಲಿ ದೊಡ್ಡ ಗಾಯವಾಗುತ್ತದೆ, ಕಾಂಡ ಒಣಗಿಸುವ ಶಿಲೀಂಧ್ರ ಅಲ್ಲಿಂದಲೇ ಒಳಹೊಗುತ್ತದೆ. ಮಳೆ ಬರುವ ಲಕ್ಷಣವಿಲ್ಲದ ಒಣ ದಿನವನ್ನೇ ಆರಿಸಿಕೊಳ್ಳಿ.

ಬಾಗಿದ ಕಾಂಡಗಳು ಈಗ ನೆಲದತ್ತ ಬರುತ್ತಿರುವುದನ್ನು ನೀವು ಗಮನಿಸಿರಬಹುದು. ಬೇಸಿಗೆಯ ಕೊನೆಯಲ್ಲಿ ತುದಿ ಸಪೂರವಾಗಿ, ಎಲೆಗಳು ಪುಟ್ಟವಾಗಿ, ಇಲಿಬಾಲದಂತಾದಾಗ ಅದು ಮಣ್ಣು ಹುಡುಕುತ್ತಿದೆಯೆಂದು ಅರ್ಥ. ಆ ತುದಿಯನ್ನು ಮೂರು ನಾಲ್ಕು ಅಂಗುಲ ಆಳಕ್ಕೆ ನೇರವಾಗಿ ಹೂತು ಮಣ್ಣನ್ನು ತೇವವಾಗಿಟ್ಟರೆ ಚಳಿಗೆ ಮುನ್ನ ಬೇರು ಬರುತ್ತದೆ, ವಸಂತದಲ್ಲಿ ತಾಯಿ ಕಾಂಡದ ಆರೇಳು ಅಂಗುಲ ತುಂಡಿನೊಡನೆ ಕಡಿದು ಬೇರೆಡೆ ನೆಡಬಹುದು. ಬೇಡವೆಂದಾದರೆ ತುದಿಗಳನ್ನು ನೆಲಕ್ಕೆ ತಾಗದಂತೆ ಎತ್ತಿ ಕಟ್ಟಿ. ಇಲ್ಲವಾದರೆ ಮೂರು ವರ್ಷದಲ್ಲಿ ಬೇಲಿ ಹೋಗಿ ಮುಳ್ಳಿನ ಗೋಡೆಯಾಗುತ್ತದೆ. ಹೀಗೆ ಪಡೆದ ಸಸಿ ತಾಯಿಗಿಡದ ನಕಲೇ ಆಗಿರುವುದರಿಂದ ತಾಯಿಯ ವೈರಸ್ ರೋಗಗಳೂ ಜೊತೆಗೇ ಬರುತ್ತವೆ. ಎಲೆಗಳಲ್ಲಿ ಹಳದಿ ಹಸುರಿನ ಮಚ್ಚೆ, ಉಬ್ಬುತಗ್ಗು, ವರ್ಷದಿಂದ ವರ್ಷಕ್ಕೆ ಕುಗ್ಗುವ ಬೆಳವಣಿಗೆ, ಮಣಿಗಳು ಉದುರಿ ಪುಡಿಯಾಗುವ ಹಣ್ಣು, ಇವು ಕಂಡ ಗಿಡದಿಂದ ಸಸಿ ಮಾಡಬೇಡಿ.

ಹೊಸ ತಳಿಗಳನ್ನು ತರಕಾರಿ ಮಡಿಯ ಪಕ್ಕ ನೆಡುವ ನಿಮ್ಮ ಯೋಜನೆಯನ್ನು ನಾನು ಒಪ್ಪುವುದಿಲ್ಲ. ನಮ್ಮವರ ಹಿತ್ತಿಲಿನಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ ಇಲ್ಲದ ಮಡಿ ಅಪರೂಪ, ಮತ್ತು ಈ ನಾಲ್ಕೂ ವರ್ಟಿಸಿಲಿಯಂ ಎಂಬ ಸೊರಗು ರೋಗದ ಶಿಲೀಂಧ್ರಕ್ಕೆ ಆಶ್ರಯ ಕೊಡುತ್ತವೆ. ಆಲೂಗಡ್ಡೆ ಮತ್ತು ಸ್ಟ್ರಾಬೆರಿಯೂ ಹಾಗೆಯೇ. ಈ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ರಾಸ್ಪ್‌ಬೆರಿಗಳಲ್ಲಿ ಕಪ್ಪಿಗೇ ಅದರ ಹೊಡೆತ ಹೆಚ್ಚು. ಕಾಂಡ ನೀಲಿಬಣ್ಣಕ್ಕೆ ತಿರುಗಿ, ಕೆಳಗಿನ ಎಲೆಗಳಿಂದ ಹಳದಿಯಾಗುತ್ತಾ, ಹಣ್ಣು ತುಂಬುವ ಹೊತ್ತಿಗೆ ಗಿಡ ಬಾಡುತ್ತದೆ. ಕಳೆದ ನಾಲ್ಕೈದು ವರ್ಷಗಳಲ್ಲಿ ಈ ತರಕಾರಿಗಳನ್ನು ಬೆಳೆಯದ ಜಾಗವೇ ಬೇಕು. ಅದರ ಜೊತೆಗೆ ನೀರು ನಿಲ್ಲಬಾರದು. ಮಧ್ಯ ಓಹಾಯೊದ ಜಿಗುಟು ಮಣ್ಣಿನಲ್ಲಿ ವಸಂತದ ಮಳೆಗೆ ಬೇರು ಕೊಳೆಯುವುದು ಸಾಮಾನ್ಯ, ಹಾಗಾಗಿ ಎಂಟು ಹತ್ತು ಅಂಗುಲದ ಏರುಮಡಿ ಮಾಡಿ, ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ ನೆಡುವುದು ಕ್ಷೇಮ. ಮಣ್ಣಿನ ಪಿಎಚ್ 5.8ರಿಂದ 6.5ರೊಳಗಿರಲಿ, ಮಣ್ಣು ಪರೀಕ್ಷೆಯ ವಿಚಾರ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದ ಕೌಂಟಿ ಕಚೇರಿಯಲ್ಲಿ ತಿಳಿಯುತ್ತದೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಕಾಡುಗಿಡ ನೆರಳಿನಲ್ಲೂ ಬದುಕುತ್ತದೆ, ಆದರೆ ನೆರಳಿನ ಹಣ್ಣು ಸಪ್ಪೆ.

ಇನ್ನೊಂದು ತೊಡಕಿದೆ. ರಾಸ್ಪ್‌ಬೆರಿಯ ವೈರಸ್‌ಗಳನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಸಸ್ಯಹೇನುಗಳು, ಮತ್ತು ಆ ವೈರಸ್‌ಗಳ ಉಗ್ರಾಣವೆಂದರೆ ಬೇಲಿಯ ಕಾಡುಗಿಡಗಳು ಮತ್ತು ಕೆಂಪು ರಾಸ್ಪ್‌ಬೆರಿ. ಕೆಂಪು ರಾಸ್ಪ್‌ಬೆರಿ ಅದೇ ವೈರಸ್ಸನ್ನು ಹೊತ್ತೂ ಆರೋಗ್ಯವಾಗಿ ಕಾಣಬಹುದು, ಕಪ್ಪು ತಡೆಯಲಾರದು. ನೂರು ಅಡಿಯಾದರೂ ಅಂತರವಿರಲಿ ಎಂದು ಪುಸ್ತಕಗಳು ಹೇಳುತ್ತವೆ. ಊರಂಚಿನ ಸಣ್ಣ ನಿವೇಶನದಲ್ಲಿ ಅದು ಆಗುವ ಮಾತಲ್ಲ. ಆದ್ದರಿಂದ ಎರಡರಲ್ಲೊಂದನ್ನು ಆರಿಸಿಕೊಳ್ಳಿ. ಬೇಲಿಯ ಗಿಡಗಳು ಬರುವ ಬೇಸಿಗೆಯಲ್ಲಿ ಆರೋಗ್ಯವಾಗಿ ಹಣ್ಣು ಕೊಟ್ಟರೆ ನಾನಾಗಿದ್ದರೆ ಅವನ್ನೇ ಸವರಿ ಸಾಕುತ್ತಿದ್ದೆ, ಹೊಸದಕ್ಕೆ ಹಣ ಹಾಕುತ್ತಿರಲಿಲ್ಲ. ಅವು ರೋಗಗ್ರಸ್ತವಾಗಿ ಕಂಡರೆ ಪೂರ್ತಿ ಅಗೆದು ತೆಗೆದು, ಬೇರೆ ಜಾಗದಲ್ಲಿ ವೈರಸ್ ಪರೀಕ್ಷೆಯಾದ ನರ್ಸರಿ ಸಸಿಗಳನ್ನು ನೆಡಿ. ನ್ಯೂಯಾರ್ಕ್ ರಾಜ್ಯದ ಜಿನೀವಾ ಸಂಶೋಧನಾ ಕೇಂದ್ರದಿಂದ 1973ರಲ್ಲಿ ಬಂದ ಜ್ಯುವೆಲ್ ನಿಮ್ಮ ಹವೆಗೆ ಒಗ್ಗುವ, ರೋಗವನ್ನು ಒಂದಷ್ಟು ತಡೆದುಕೊಳ್ಳುವ ತಳಿ. ಅಲ್ಲಿಂದಲೇ 1934ರಲ್ಲಿ ಬಂದ ಬ್ರಿಸ್ಟಲ್ ರುಚಿಗೆ ಹೆಸರಾದದ್ದು, ಆದರೆ ಚಿಬ್ಬು ರೋಗಕ್ಕೆ ಬೇಗ ತುತ್ತಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಓಹಾಯೊದಲ್ಲೇ ಹುಟ್ಟಿದ ಮಂಗರ್ ಈಗ ಒರೆಗಾನ್‌ನ ದೊಡ್ಡ ತೋಟಗಳ ಮುಖ್ಯ ತಳಿಯಾಗಿದೆ. ಬೇಸಿಗೆ ಒಣಗಿರುವ ಆ ನಾಡಿಗೆ ಅದು ಹೊಂದಿದೆಯೆಂಬ ಕಾರಣಕ್ಕೆ ನಿಮ್ಮ ತೇವದ ಬೇಸಿಗೆಗೂ ಹೊಂದುತ್ತದೆಂದು ತಿಳಿಯಬೇಡಿ. ಏಪ್ರಿಲ್‌ನಲ್ಲಿ ಮೂರು ಅಡಿಗೊಂದರಂತೆ, ನರ್ಸರಿಯಲ್ಲಿದ್ದ ಆಳಕ್ಕೇ ನೆಟ್ಟು, ಸಸಿಯ ಜೊತೆ ಬಂದ ಹಳೆಯ ಕಾಂಡದ ಮೋಟನ್ನು ನೆಲಮಟ್ಟಕ್ಕೆ ಕತ್ತರಿಸಿ, ಮರದ ಚಕ್ಕೆಯ ಹೊದಿಕೆ ಹಾಕಿ, ವಾರಕ್ಕೆ ಒಂದರಿಂದ ಒಂದೂವರೆ ಅಂಗುಲದಷ್ಟು ನೀರು ಕೊಡಿ. ಗೊಬ್ಬರ ವಸಂತದಲ್ಲಿ ಮಾತ್ರ. ಬೇಸಿಗೆಯ ಕೊನೆಯಲ್ಲಿ ಕೊಟ್ಟರೆ ಎಳೆಯ ಬೆಳವಣಿಗೆ ಚಳಿಗೆ ಸಾಯುತ್ತದೆ. ಮೊದಲ ಹಣ್ಣು ಎರಡನೆಯ ಬೇಸಿಗೆಗೆ.

ರೋಗಗಳಲ್ಲಿ ಎರಡನ್ನು ಗುರುತಿಸಲು ಕಲಿತಿರಿ. ಕಾಂಡದ ಮೇಲೆ ನೇರಳೆ ಅಂಚಿನ, ಬೂದುಬಣ್ಣದ ತಗ್ಗುಚುಕ್ಕೆಗಳು ಚಿಬ್ಬು ರೋಗದವು. ಹಳೆಯ ಕಾಂಡ ತೆಗೆದು, ಪೊದೆಯನ್ನು ತೆಳುಮಾಡಿ ಗಾಳಿಯಾಡಲು ಬಿಟ್ಟರೆ ಮನೆತೋಟದಲ್ಲಿ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಕಿತ್ತಳೆ ತುಕ್ಕು ರೋಗ ಹಾಗಲ್ಲ. ವಸಂತದಲ್ಲಿ ಸಪೂರವಾದ ಪೇಲವ ಚಿಗುರುಗಳೆದ್ದು, ಎಲೆಗಳ ಕೆಳಮೈ ತುಂಬ ಢಾಳಾದ ಕಿತ್ತಳೆಬಣ್ಣದ ಪುಡಿ ಕಂಡರೆ ಆ ಗಿಡದ ಬೇರಿನವರೆಗೂ ರೋಗ ಹರಡಿದೆ, ಅದಕ್ಕೆ ಔಷಧಿಯಿಲ್ಲ. ಪುಡಿ ಹಾರುವ ಮುನ್ನವೇ ಗಿಡವನ್ನು ಬೇರುಸಹಿತ ಚೀಲಕ್ಕೆ ತುಂಬಿ ಸಾಗಹಾಕಬೇಕು.

ಕೊಯ್ಲಿನ ಕಾಲ ಎರಡು ಮೂರು ವಾರವಷ್ಟೇ, ಹಾಗಾಗಿ ಎರಡು ದಿನಕ್ಕೊಮ್ಮೆ ಕೀಳಿ, ಮಾಗಿದ್ದನ್ನು ಗಿಡದಲ್ಲಿ ಬಿಡಬೇಡಿ. ಪೂರ್ವ ಏಷ್ಯಾದಿಂದ ಬಂದು 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡ ಡ್ರಾಸಫಿಲಾ ಸುಜುಕಿಯೈ ಎಂಬ ಹಣ್ಣುನೊಣ ಈಗ ಎಲ್ಲೆಡೆ ಇದೆ; ಮಿಕ್ಕ ಹಣ್ಣುನೊಣಗಳು ಕೊಳೆತದ್ದನ್ನು ಹುಡುಕಿದರೆ ಇದು ಮಾಗುತ್ತಿರುವ ಒಳ್ಳೆಯ ಹಣ್ಣಿನೊಳಗೇ ಮೊಟ್ಟೆಯಿಡುತ್ತದೆ. ಬೇಸಿಗೆ ಮುಂದುವರಿದಂತೆ ಅದರ ಸಂಖ್ಯೆ ಏರುವುದರಿಂದ ಬೇಗ ಮಾಗುವ ಕಪ್ಪು ರಾಸ್ಪ್‌ಬೆರಿಗೆ ಬ್ಲ್ಯಾಕ್‌ಬೆರಿಗಿಂತ ತೊಂದರೆ ಕಡಿಮೆ. ಕಿತ್ತದ್ದನ್ನು ತೊಳೆಯದೆ, ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ ಫ್ರಿಜ್‌ನಲ್ಲಿಡಿ, ತಿನ್ನುವಾಗ ತೊಳೆಯಿರಿ. ಬೀಜ ಬಹಳ, ಜಾಮ್ ಮಾಡುವುದಾದರೆ ಅರ್ಧವನ್ನಾದರೂ ಸೋಸಿ.

ಕೊನೆಯದಾಗಿ ಶಿವಮೊಗ್ಗದ ವಿಚಾರ: ತರಬೇಡಿ. ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಸಸಿಯನ್ನಾಗಲಿ ಬೀಜವನ್ನಾಗಲಿ ಸಾಮಾನಿನಲ್ಲಿ ತರುವುದು ಭಾರತದ 2003ರ ಸಸ್ಯ ಸಂಪರ್ಕನಿಷೇಧ ಆದೇಶಕ್ಕೆ ವಿರುದ್ಧ. ತಂದರೂ ಫಲವಿಲ್ಲ, ಏಕೆಂದರೆ ಈ ಗಿಡಕ್ಕೆ ಮೊಗ್ಗು ಒಡೆಯಲು ದೀರ್ಘವಾದ ಚಳಿಗಾಲ ಬೇಕು, ಅದು ಶಿವಮೊಗ್ಗದಲ್ಲಿಲ್ಲ. ನಿಮ್ಮ ಕುತೂಹಲಕ್ಕೆ ಹೇಳುವುದಾದರೆ, ಇದರ ಹತ್ತಿರದ ನೆಂಟನೊಂದು ನಮ್ಮ ನಾಡಿನದೇ ಇದೆ. ರೂಬಸ್ ನೈವಿಯಸ್ ಎಂಬ ಆ ಗಿಡವನ್ನು ಜಗತ್ತು ಮೈಸೂರು ರಾಸ್ಪ್‌ಬೆರಿ ಎಂದೇ ಕರೆಯುತ್ತದೆ, ದಕ್ಷಿಣ ಭಾರತದ ಎತ್ತರದ ಬೆಟ್ಟಗಳಲ್ಲಿ ಅದು ಸಿಗುತ್ತದೆ, ಕಾಂಡಕ್ಕೆ ಇದೇ ಬಿಳಿಯ ಲೇಪ, ಹಣ್ಣು ಇದೇ ಕಪ್ಪು. ಹೂವು ಮಾತ್ರ ಬಿಳಿಯಲ್ಲ, ನಸುಗೆಂಪು, ಮತ್ತು ಎಲೆಯಲ್ಲಿ ಸಾಮಾನ್ಯವಾಗಿ ಐದರಿಂದ ಒಂಬತ್ತು ಕಿರುಎಲೆಗಳು. ಕಠಿಣ ಚಳಿ ಬೇಡದ ಗಿಡವಾದ್ದರಿಂದ ಫ್ಲೋರಿಡಾದ ದಕ್ಷಿಣ ಭಾಗದ ಮನೆತೋಟಗಳಲ್ಲೂ ಅದನ್ನು ಬೆಳೆಯುತ್ತಾರೆ. ಗ್ಯಾಲಪಗಸ್ ದ್ವೀಪಗಳಿಗೆ ಒಯ್ದ ಮೇಲೆ ಅದೇ ಗಿಡ ಅಲ್ಲಿನ ಕಾಡನ್ನು ಮುಚ್ಚುವ ಅತಿ ಕೆಟ್ಟ ಕಳೆಗಳಲ್ಲಿ ಒಂದಾಯಿತು, ಹವಾಯಿಯಲ್ಲೂ ಅದು ನಿಷಿದ್ಧ ಕಳೆಗಳ ಪಟ್ಟಿಯಲ್ಲಿದೆ. ಹಾಗಾಗಿ ಅದನ್ನು ಇಲ್ಲಿಂದ ಓಹಾಯೊಗೆ ಒಯ್ಯುವ ಯೋಚನೆಯೂ ಬೇಡ.